ಹನ್ನೆರಡನೆಯ ಕೊಕ್ಕೆ

ಡಾಕ್ಟರರ ಮೂಗಿನ ಎಡ ಹೊಳ್ಳೆಗೆ ಹತ್ತಿ ಇಟ್ಟು ಬಲಗಡೆಗೆ ಉಂಡೆ ಮಾಡುತ್ತಿದ್ದಾಗ, ಹಿಂದೆ ನಿಂತ ಸ್ವಾತಿ ಹೆಣವನ್ನು ನೋಡುತ್ತಿಲ್ಲ, ಹತ್ತಿ ಹಿಡಿದ ತನ್ನ ಕೈಯನ್ನೇ ನೋಡುತ್ತಿದ್ದಾಳೆ ಎಂದು ದಾಸಣ್ಣನಿಗೆ ಗೊತ್ತಾಯಿತು. ಕಾಂಪೌಂಡರ್ ಕೆಲಸ ಹಿಡಿದ ಮೇಲೆ ಎಷ್ಟು ಜನರ ಮೂಗಿಗೆ ಹತ್ತಿ ಇಟ್ಟಿದ್ದನೋ ಅವನಿಗೇ ನೆನಪಿಲ್ಲ. ಆದರೂ ಇವತ್ತು ಹತ್ತಿ ಎರಡು ಸಲ ಕೆಳಗೆ ಬಿತ್ತು.

“ಅದು ಮುಗ್ಸಿ ಒಳಗೆ ಬರ್ರಿ ದಾಸಣ್ಣ,” ಎಂದಳು ಸ್ವಾತಿ. “ನಿಮ್ಹತ್ರ ಒಂದು ಮಾತು ಕೇಳದೈತೆ.”

ಅಪ್ಪನ ಮಣ್ಣಿನ ದಿನ ಮಗಳಿಗೆ ಕಾಂಪೌಂಡರನನ್ನು ಕೇಳುವ ಮಾತೇನಿರುತ್ತದೆ? ದಾಸಣ್ಣ ಹತ್ತಿಯನ್ನು ಸರಿಯಾಗಿ ಒಳಗೆ ತಳ್ಳಿ, ಹೆಣದ ಗಲ್ಲದ ಪಟ್ಟಿ ಬಿಗಿ ಮಾಡಿದ. ಅಗತ್ಯಕ್ಕಿಂತ ಹೆಚ್ಚೇ ಬಿಗಿಯಾಯಿತೇನೋ. ಈ ಬಾಯಿ ಇನ್ನು ತೆರೆಯುವುದಿಲ್ಲ ಎಂಬ ಸಮಾಧಾನ ಒಂದು ಕ್ಷಣ ಬಂದು, ಅದರ ಹಿಂದೆಯೇ ನಾಚಿಕೆಯೂ ಬಂತು.

ಸತ್ತವರು ಡಾಕ್ಟರ್ ನಾಗರಾಜಪ್ಪ. ಹೊಳಲ್ಕೆರೆಯಲ್ಲಿ ಎಂಟು ಮಂಚದ ಸ್ವಂತ ನರ್ಸಿಂಗ್ ಹೋಮ್ ಇಟ್ಟುಕೊಂಡು ಹದಿನೈದು ವರ್ಷ ಸುತ್ತಲಿನ ಹಳ್ಳಿಯವರ ಹೊಟ್ಟೆ ಕೊಯ್ದು ಹೊಲಿದವರು. ಆಮೇಲೆ ಒಂದು ದಿನ ಕೊಯ್ಯುವುದನ್ನು ನಿಲ್ಲಿಸಿ ಬರೆಯುವುದಕ್ಕೆ ಕುಳಿತರು. ಹಗಲು ನೆಗಡಿ ಜ್ವರ ನೋಡುವುದು, ಸಂಜೆ ಕತೆ. ಹೀಗೆ ಆರು ಪುಸ್ತಕಗಳಾದವು, ಮೂರನೆಯದಕ್ಕೆ ದೊಡ್ಡ ಬಹುಮಾನವೂ ಬಂತು. ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ನಿನ್ನೆ ಸಂಜೆ ಜೀವ ಹೋಯಿತು. ಹುಟ್ಟೂರು ಹಿರೇಗುಂಟನೂರಿಗೆ ತಂದು ಹೊಲದ ಮನೆಯ ಮುಂದೆ ಶಾಮಿಯಾನದ ಕೆಳಗೆ ಮಲಗಿಸಿದ್ದರು. ಬೇವಿನ ಮರದ ಪಕ್ಕ ಗುಂಡಿ ತೋಡಿ ಆಗಿತ್ತು.

ಬಂದವರಲ್ಲಿ ಅರ್ಧ ಜನ ಅಳುವುದಕ್ಕೆ ಬಂದಿದ್ದರೆ ಇನ್ನರ್ಧ ಜನ ಗುಮಾನಿಗೆ ಬಂದಿದ್ದರು. ಡಾಕ್ಟರರು ತಮಗೆ ಗೊತ್ತಿದ್ದನ್ನು ಮಾತ್ರ ಬರೆಯುತ್ತಿದ್ದರು, ಅವರಿಗೆ ಅರ್ಧ ತಾಲ್ಲೂಕಿನ ಒಳಗು ಗೊತ್ತಿತ್ತು. ಪುಸ್ತಕ ಬಂದಾಗೆಲ್ಲ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಸಂಖ್ಯೆ ಏರುತ್ತಿತ್ತು. ಈಗ ಶಾಮಿಯಾನದ ಕೆಳಗೂ ಅದೇ ಮಾತು.

“ಎರಡ್ನೇ ಪುಸ್ತಕದಾಗೆ ಹೈಡ್ರೋಸೀಲ್ ಆಗಿರೋ ಪಟೇಲ ಬತ್ತಾನಲ್ಲ, ಅದು ನೀನೇ ಅಂತಲ್ಲಪ್ಪ?”

“ಲೇ, ನಂದು ಹರ್ನಿಯ ಕಣಲೇ. ಅದು ನಿಮ್ಮ ಮಾವ.”

“ಇನ್ನೊಂದು ಬರ್ದಿಟ್ಟವ್ರಂತೆ, ಅಚ್ಚಾಗಿಲ್ವಂತೆ. ಅದ್ರಾಗೆ ಯಾರ್‍ಯಾರವ್ರೋ.”

ಆ ಕೊನೆಯ ಮಾತು ದಾಸಣ್ಣನ ಕಿವಿಗೆ ಬಿತ್ತು. ಇನ್ನೊಂದು ಬರೆದಿಟ್ಟಿದ್ದಾರೆಯೇ? ತನಗೆ ಗೊತ್ತಿಲ್ಲದೆ? ಅದು ಆಗುವ ಮಾತೇ ಅಲ್ಲ. ಏಕೆಂದರೆ ಡಾಕ್ಟರರ ಕೈಬರಹ ಈ ಭೂಮಿಯ ಮೇಲೆ ದಾಸಣ್ಣನೊಬ್ಬನಿಗೇ ಓದಲು ಬರುತ್ತಿದ್ದದ್ದು. ಔಷಧಿ ಚೀಟಿಯಲ್ಲಿ ಹೇಗೆ ಗೀಚುತ್ತಿದ್ದರೋ ಕತೆಯಲ್ಲೂ ಹಾಗೆಯೇ ಗೀಚುತ್ತಿದ್ದರು. ಒಮ್ಮೊಮ್ಮೆ ಬರೆದವರಿಗೇ ತಿಳಿಯದೆ, “ಲೇ ದಾಸ, ಇಲ್ಲಿ ಏನು ಬರ್ದೀನಿ ನೋಡು,” ಎಂದು ಕೇಳುತ್ತಿದ್ದರು. ಆರು ಪುಸ್ತಕಗಳೂ ದಾಸಣ್ಣನ ದುಂಡು ಅಕ್ಷರದಲ್ಲೇ ಪ್ರೆಸ್ಸಿಗೆ ಹೋದದ್ದು.

ಒಳಗೆ ಸ್ವಾತಿ ಬಾಗಿಲು ಮುಂದಕ್ಕೆ ಹಾಕಿದಳು. ಸಿರಿಗೆರೆಯ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುವವಳು. ನೂರು ಹುಡುಗರಲ್ಲಿ ಯಾರು ಕಾಪಿ ಹೊಡೆದಿದ್ದಾರೆಂದು ಮುಖ ನೋಡಿಯೇ ಹೇಳುತ್ತಾಳಂತೆ.

“ಅಪ್ಪ ಲಕ್ವ ಹೊಡ್ದು ಮಲಗಿದ್ಮೇಲೆ ಒಂದು ನೋಟ್‌ಬುಕ್ ಬರ್ದವ್ರೆ. ದಿನಾ ಬೆಳಗ್ಗೆ ಬಾಗ್ಲು ಹಾಕಿಸ್ಕಂಡು ಬರೆಯೋರು. ಹೋದ ವಾರ ನನ್ನ ಕರ್ದು, ಮಣ್ಣು ಹಾಕೋ ಮುಂಚೆ ಎಲ್ರ ಮುಂದೆ ಇದ್ನ ಓದ್ಸು ಅಂದ್ರು. ಯಾರ ಕೈಲಿ ಓದ್ಸಾನ ಅಂದೆ. ನಾಲಿಗೆ ತೊಡರ್ತಿತ್ತಲ್ಲ, ಆದ್ರೂ ನಿಮ್ಮ ಹೆಸ್ರು ಮಾತ್ರ ಸರಿಯಾಗಿ ಹೇಳಿದ್ರು.”

“ಕೊಡವ್ವ, ಒಂದ್ಸಲ ನೋಡ್ಕಂತೀನಿ.”

“ಈಗ ಕೊಡಲ್ಲ. ಮೈಕಿನ ಮುಂದೆ ಕೊಡ್ತೀನಿ.”

“ನನ್ನ ಮ್ಯಾಲೆ ನಂಬ್ಕೆ ಇಲ್ವೇನವ್ವ?”

ಸ್ವಾತಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. “ಐದು ಪುಸ್ತಕದ್ದೂ ಅಪ್ಪನ ಕೈಬರಹ ಬೀರುನಾಗೆ ಪೂರ್ತಿ ಅವೆ. ಮೂರ್ನೇದ್ರಾಗೆ ಮಾತ್ರ ಕಡೇ ಕತೆ ಇಲ್ಲ. ಬಹುಮಾನ ಬಂತಲ್ಲ, ಅದೇ ಕತೆ. ಎಲ್ಲೋತು?”

“ಗೆದ್ದಲು ತಿಂದಿರ್ಬೇಕು.”

“ಹನ್ನೊಂದು ಕತೆ ಬಿಟ್ಟು ಅದೊಂದ್ನೇ ತಿಂತೇನ್ರಿ? ಓದು ಬರಾ ಗೆದ್ದಲು ಅನ್ರಿ.”

ದಾಸಣ್ಣ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಆ ಕತೆಯ ಹದಿನಾಲ್ಕು ಹಾಳೆಯನ್ನು ಅವನು ತನ್ನ ಮನೆಯ ಬಚ್ಚಲೊಲೆಗೆ ಒಂದೊಂದಾಗಿ ಹಾಕಿದ್ದ. ನೀರು ಕಾಯುವಷ್ಟೂ ಉರಿ ಆಗಿರಲಿಲ್ಲ.

*

ಅದು ಮೂವತ್ತು ವರ್ಷದ ಹಿಂದಿನ ಮಾತು.

ನರ್ಸಿಂಗ್ ಹೋಮಿನ ಆಪರೇಷನ್ ಕೋಣೆಯ ಮೂಲೆಯಲ್ಲಿ ಒಂದು ಕಬ್ಬಿಣದ ಸ್ಟ್ಯಾಂಡು ಇತ್ತು, ಅದಕ್ಕೆ ಹನ್ನೆರಡು ಕೊಕ್ಕೆ. ದೊಡ್ಡ ಆಪರೇಷನ್ನಿಗೆ ಹನ್ನೆರಡು ಬಟ್ಟೆ ತೆಗೆದಿಡುತ್ತಿದ್ದರು. ಹೊಟ್ಟೆಯೊಳಗಿನ ರಕ್ತ ಒರೆಸಿ ಹೊರಬಂದ ಒಂದೊಂದು ಬಟ್ಟೆಯೂ ಒಂದೊಂದು ಕೊಕ್ಕೆಗೆ ಹೋಗಬೇಕು. ಹೊಲಿಗೆ ಹಾಕುವ ಮುಂಚೆ ಡಾಕ್ಟರರು ತಲೆಯೆತ್ತದೆ, “ದಾಸ, ಎಣಿಸು,” ಎನ್ನಬೇಕು. ದಾಸಣ್ಣ ಒಂದೊಂದನ್ನೂ ಮುಟ್ಟಿ ಎಣಿಸಿ, “ಸರಿ ಐತೆ ಸಾರ್,” ಎನ್ನಬೇಕು. ಆಮೇಲೇ ಸೂಜಿ. ಇದು ಅವರಿಬ್ಬರ ಪದ್ಧತಿ.

ಅವತ್ತು ಬೆಳಗ್ಗೆ ಒಂದು ಹರ್ನಿಯ ಆಪರೇಷನ್ ಆಗಿತ್ತು. ನಾಲ್ಕೇ ನಾಲ್ಕು ಬಟ್ಟೆ. ದಾಸಣ್ಣ ಮೂರನ್ನು ತೆಗೆದು ಬಕೆಟ್ಟಿಗೆ ಹಾಕಿದ. ಕೆಳಗೆ ಬಸ್‌ಸ್ಟ್ಯಾಂಡಿನಲ್ಲಿ ಯಾರಿಗೋ ಯಾರಿಗೋ ಜಗಳ ಹತ್ತಿದ ಸದ್ದು ಕೇಳಿತು. ನೋಡಲು ಹೋದ, ಅಲ್ಲೇ ಟೀ ಕುಡಿದ, ಜಗಳದವರಿಗೆ ಬುದ್ಧಿ ಬೇರೆ ಹೇಳಿದ. ಗೋಡೆಯ ಕಡೆಗಿದ್ದ ಹನ್ನೆರಡನೆಯ ಕೊಕ್ಕೆಯಲ್ಲಿ ಬೆಳಗಿನ ಬಟ್ಟೆ ಒಂದು ಹಾಗೇ ಉಳಿಯಿತು.

ಮಧ್ಯಾಹ್ನ ಕೆಂಚಕ್ಕನ ಆಪರೇಷನ್. ಹೊಸದುರ್ಗದ ಆಚೆಯ ಹಳ್ಳಿಯವಳು, ಕೂಲಿ ಮಾಡುವ ರಂಗಯ್ಯನ ಹೆಂಡತಿ, ಗರ್ಭಕೋಶದಲ್ಲಿ ಗಡ್ಡೆ. ಒಳಗೆ ಹೋಗುವಾಗ, “ದಾಸಣ್ಣೋ, ಹೊಟ್ಟೆ ಒಳಗೆ ಏನಾನ ಬಂಗಾರ ಸಿಕ್ರೆ ನಂಗೂ ಪಾಲು ಕೊಡಪ್ಪ,” ಎಂದು ನಗಿಸಿದ್ದಳು. ಎರಡು ಗಂಟೆ ಹಿಡಿಯಿತು. ಸೆಕೆ, ಹಸಿವು. “ದಾಸ, ಎಣಿಸು,” ಎಂದರು ಡಾಕ್ಟರರು. ದಾಸಣ್ಣ ನಿಂತಲ್ಲಿಂದಲೇ ಸ್ಟ್ಯಾಂಡಿನ ಕಡೆ ನೋಡಿದ. ಕೊಕ್ಕೆಗಳೆಲ್ಲ ತುಂಬಿದ್ದವು.

“ಸರಿ ಐತೆ ಸಾರ್.”

ಡಾಕ್ಟರರು ಒಂದು ಗಳಿಗೆ ತಡೆದರು. ತಲೆ ಎತ್ತಲಿಲ್ಲ. ಹೊಲಿದರು.

ಸಂಜೆ ಹಿತ್ತಲ ಕಲ್ಲಿನ ಮೇಲೆ ಬಟ್ಟೆ ಒಗೆಯಲು ಕುಳಿತಾಗ ದಾಸಣ್ಣನ ಕೈಗೆ ಗೊತ್ತಾಯಿತು. ಹನ್ನೊಂದು ಬಟ್ಟೆ ಮೆತ್ತಗಿದ್ದವು. ಒಂದು ಮಾತ್ರ ರಕ್ತ ಒಣಗಿ ಹಪ್ಪಳದ ಹಾಗೆ ಗರಗರ ಎಂದಿತು. ಅದು ಬೆಳಗಿನದು. ಹಾಗಾದರೆ ಇನ್ನೊಂದು ಎಲ್ಲಿ?

ಎದ್ದು ಮಹಡಿಯ ಮೆಟ್ಟಿಲು ಹತ್ತಿದ. ಡಾಕ್ಟರರು ಮೇಲೆ ಊಟ ಮಾಡುತ್ತಿದ್ದರು. ಐದು ಮೆಟ್ಟಿಲು ಹತ್ತಿದವನು ನಿಂತ. ಕೆಲಸ ಹೋಗುತ್ತದೆ, ಹೆಸರು ಹೋಗುತ್ತದೆ. ನಾಳೆ ಹೇಳಿದರಾಯಿತು ಎಂದು ಇಳಿದು ಬಂದು, ಒಣಗಿದ ಬಟ್ಟೆಯನ್ನು ಎಲ್ಲಕ್ಕಿಂತ ಚೆನ್ನಾಗಿ ಒಗೆದ. ಮರುದಿನ ಕೆಂಚಕ್ಕ ಗಂಜಿ ಕೇಳಿ ಕುಡಿದಳು. ಎಂಟನೆಯ ದಿನ ನಡೆದುಕೊಂಡೇ ಬಸ್ಸಿಗೆ ಹೋದಳು. ತಾನೇ ತಪ್ಪು ತಿಳಿದಿರಬೇಕು ಎಂದು ದಾಸಣ್ಣ ನಂಬಿದ. ನಂಬುವುದು ಅವನಿಗೆ ಬೇಕಾಗಿತ್ತು.

ಹತ್ತೊಂಬತ್ತನೆಯ ದಿನ ಜ್ವರ ಏರಿ ಅವಳನ್ನು ದಾವಣಗೆರೆಗೆ ಒಯ್ದರು. ಅಲ್ಲಿ ಹೊಟ್ಟೆ ತೆರೆದಾಗ ಬಟ್ಟೆ ಸಿಕ್ಕಿತು. ಮೂರು ದಿನಕ್ಕೆ ಕೆಂಚಕ್ಕ ತೀರಿಕೊಂಡಳು.

“ಮುಟ್ಟಿ ಎಣಿಸಿದ್ಯೇನೋ?” ಎಂದು ಡಾಕ್ಟರರು ಒಂದೇ ಸಲ ಕೇಳಿದರು. “ಎಣಿಸ್ದೆ ಸಾರ್,” ಎಂದ ದಾಸಣ್ಣ. ಅವರು ಮತ್ತೆ ಕೇಳಲಿಲ್ಲ. ಮರುದಿನ ಅವನನ್ನೂ ಕರೆದುಕೊಂಡು ರಂಗಯ್ಯನ ಮನೆಗೆ ಹೋಗಿ ಜಗಲಿಯ ಮೇಲೆ ಕುಳಿತು, “ನನ್ನ ಕೈ ಮರೀತಪ್ಪ, ನಿನ್ನ ಹೆಂಡ್ತೀನ ನಾನೇ ಕಳ್ದೆ,” ಎಂದು ಅತ್ತರು. ಆಮೇಲೆ ಚಾಕು ಮುಟ್ಟಲಿಲ್ಲ.

*

ರಂಗಯ್ಯ ಗುಂಡಿಯ ಪಕ್ಕದ ಮಣ್ಣಿನ ಗುಡ್ಡೆಯ ಮೇಲೆ ಕುಳಿತಿದ್ದ. ಎರಡು ಬಸ್ಸು ಬದಲಿಸಿ ಬಂದಿದ್ದನಂತೆ. ಎಪ್ಪತ್ತೈದು ದಾಟಿದ ಮನುಷ್ಯ, ಯಾರ ಜೊತೆಗೂ ಮಾತಾಡದೆ ಮಣ್ಣಿನ ಹೆಂಟೆ ಪುಡಿ ಮಾಡುತ್ತಿದ್ದ. ನೋಡದವನ ಹಾಗೆ ದಾಟಿಹೋಗಬಹುದಿತ್ತು. ದಾಸಣ್ಣನ ಕಾಲು ತಾನಾಗಿ ಅಲ್ಲಿಗೆ ಹೋಯಿತು.

“ಯಾವಾಗ ಬಂದೆ ರಂಗಯ್ಯ? ಟೀ ತರಿಸ್ಲಾ?”

“ಟೀ ಬ್ಯಾಡ. ಹೆಣ ನೋಡಾದು ಆತು. ನಿನ್ನ ನೋಡಾನ ಅಂತ ಕುಂತಿದೀನಿ.”

“ನನ್ನ ಯಾಕಪ್ಪ?”

ರಂಗಯ್ಯ ಇನ್ನೊಂದು ಹೆಂಟೆ ತೆಗೆದುಕೊಂಡ. “ಆವತ್ತು ಆವಯ್ಯ ನಮ್ಮ ಜಗಲಿ ಮ್ಯಾಲೆ ಕುಂತು, ನನ್ನ ಕೈ ಮರೀತು ಅಂದ್ನಲ್ಲ, ಅವಾಗ ನನ್ನ ಮುಖ ನೋಡ್ಲಿಲ್ಲ. ಬಾಗ್ಲಾಗೆ ನೀನು ನಿಂತಿದ್ದೆ. ನಿನ್ನ ನೋಡ್ದ.”

“ಎಷ್ಟೋ ವರ್ಷದ ಮಾತು. ನೀನೆಂಗೋ ತಿಳ್ಕಂಡಿದೀಯ.”

“ಅದ್ಕೇ ಕೇಳ್ತಿರಾದು. ಆವಯ್ಯ ಇರಾತಂಕ ಅವನ ಮಾತು ಸುಳ್ಳು ಅಂಬಕೆ ನಂಗೆ ಬಾಯಿ ಬರ್ಲಿಲ್ಲ. ನನ್ನ ಮನೇಲಿ ಅತ್ತೋನು. ಈಗ ಅವನಿಲ್ಲ. ನಂಗೂ ಭಾಳ ದಿನ ಇಲ್ಲ. ಕೆಂಚಿ ಹೆಂಗೆ ಸತ್ಲು ಅಂತ ಸರಿಯಾಗಿ ಗೊತ್ತಾದ್ರೆ ಸಾಕು. ಜಗಳ ಆಡಾಕೆ ಬಂದಿಲ್ಲ.”

“ಪುಸ್ತಕದಾಗೇ ಬರ್ದವ್ರಲ್ಲ ಡಾಕ್ಟ್ರು.”

“ನಂಗೆಲ್ಲಿ ಓದು ಬತ್ತತೆ?” ಎಂದ ರಂಗಯ್ಯ. “ಊರಾಗೆ ಓದಿ ಹೇಳಿದ್ರು. ಕೇಳ್ದೆ. ಅದ್ರಾಗೂ ಆವಯ್ಯ ನನ್ನ ನೋಡ್ದಂಗೆ ಕಾಣ್ಲಿಲ್ಲ.”

*

ಆ ಕತೆಯನ್ನು ದಾಸಣ್ಣ ನಕಲು ಮಾಡಿದ್ದು ಒಂದು ಭಾನುವಾರ. ಅರ್ಧಕ್ಕೆ ಬಂದಾಗ ಗೀಚಿನ ನಡುವೆ ತನ್ನನ್ನು ತಾನು ಕಂಡ. ಡಾಕ್ಟರರು ಬರೆದಿದ್ದರು: ‘ಎಣಿಸು ಎಂದೆ. ಅವನು ಮುಟ್ಟಲಿಲ್ಲ, ನಿಂತಲ್ಲಿಂದ ನೋಡಿ ಸರಿ ಎಂದ. ಅವನ ದನಿಯಲ್ಲೇ ಅದು ನನಗೆ ತಿಳಿಯಿತು. ತಿಳಿದೂ ಹೊಲಿದೆ.’

ಹೆಸರು ಇರಲಿಲ್ಲ. ಆದರೆ ಡಾಕ್ಟರರ ಪಕ್ಕ ಎಣಿಸುವವನು ಇನ್ನು ಯಾರು? ಇಡೀ ಹೊಳಲ್ಕೆರೆಗೆ ಗೊತ್ತು. ದಾಸಣ್ಣನ ಮಗಳಿಗೆ ಹಿರಿಯೂರಿನ ಕಡೆ ಗಂಡು ನೋಡಿದ್ದ ತಿಂಗಳು ಅದು. ಅವನು ಬಹಳ ಹೊತ್ತು ಪೆನ್ನು ಹಿಡಿದು ಕುಳಿತ. ಕೊನೆಗೆ ಆ ನಾಲ್ಕು ವಾಕ್ಯ ಬಿಟ್ಟು, ತನ್ನ ದುಂಡು ಅಕ್ಷರದಲ್ಲಿ, ‘ಎಣಿಸು ಎನ್ನುವುದನ್ನೇ ಅವತ್ತು ನಾನು ಮರೆತೆ,’ ಎಂದು ಬರೆದ.

ಪುಸ್ತಕ ಅಚ್ಚಾಗಿ ಬಂದ ದಿನ ಡಾಕ್ಟರರು ಅವನ ಎದುರಿಗೇ ಓದುತ್ತಾ ಹೋದರು. ಆ ಪುಟಕ್ಕೆ ಬಂದರು, ಕನ್ನಡಕ ತೆಗೆದರು. ಅವನನ್ನು ನೋಡಿದರು.

“ಅಚ್ಚು ಚೆನ್ನಾಗಿ ಬಂದೈತೆ,” ಎಂದು ಪುಟ ಮಗುಚಿದರು.

ಆಮೇಲೆ ಆದದ್ದೇ ತಮಾಷೆ. ತನ್ನ ತಪ್ಪನ್ನು ತಾನೇ ಬಯಲಿಗಿಟ್ಟ ವೈದ್ಯ ಎಂದು ಪೇಪರಿನವರು ಬರೆದರು, ಬಹುಮಾನ ಕೊಟ್ಟರು, ಚಿತ್ರದುರ್ಗದಲ್ಲಿ ಸನ್ಮಾನ ಮಾಡಿದರು. ಹೊಗಳಿಕೆಯೆಲ್ಲ ಆ ಒಂದು ವಾಕ್ಯಕ್ಕೆ. ಅದು ದಾಸಣ್ಣನ ವಾಕ್ಯ. ಶಾಲು ಹೊದ್ದು ಕುಳಿತ ಡಾಕ್ಟರರನ್ನು ಅವನು ಸಭೆಯ ಹಿಂದಿನ ಸಾಲಿನಿಂದ ನೋಡಿದ. ಇವರು ಸುಮ್ಮನಿರುವುದು ನನ್ನನ್ನು ಉಳಿಸುವುದಕ್ಕೋ, ಈ ಶಾಲನ್ನು ಉಳಿಸಿಕೊಳ್ಳುವುದಕ್ಕೋ? ಇಪ್ಪತ್ತು ವರ್ಷ ಈ ಗುಮಾನಿ ಅವನನ್ನು ಬಿಡಲಿಲ್ಲ. ಇಬ್ಬರೂ ದಿನಾ ಒಟ್ಟಿಗೆ ಕಾಫಿ ಕುಡಿದರು, ಒಬ್ಬರ ಬಾಯಿಯನ್ನು ಒಬ್ಬರು ಕಾದರು.

*

ಹೊಳಲ್ಕೆರೆಯ ಸಾಹಿತ್ಯ ಬಳಗದ ತಿಮ್ಮೇಶ್ ಮೇಷ್ಟ್ರು ಮೈಕ್ ಹಿಡಿದರೆ ಬಿಡುವವರಲ್ಲ. ಡಾಕ್ಟರರು ಹುಟ್ಟಿದ್ದರಿಂದ ಹಿಡಿದು ಹೇಳತೊಡಗಿದವರನ್ನು ಸ್ವಾತಿಯೇ ತಡೆದಳು. ಹೆಣವನ್ನು ಗುಂಡಿಯ ಅಂಚಿಗೆ ತಂದಿದ್ದರು. ಗುಡ್ಡದ ಮೇಲಿನ ಗಾಳಿಯಂತ್ರದ ಫ್ಯಾನುಗಳು ಜೋರಾಗಿ ತಿರುಗುತ್ತಿದ್ದವು, ಶಾಮಿಯಾನದ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿತ್ತು.

“ಡಾಕ್ಟ್ರು ಕಡೇದಾಗಿ ಬರ್ದಿದ್ದನ್ನ ದಾಸಣ್ಣೋರು ಈಗ ಓದ್ತಾರೆ. ಎಲ್ರೂ ಕುಂತ್ಕಳ್ರಿ,” ಎಂದರು ಮೇಷ್ಟ್ರು.

ಯಾರೂ ಕೂರಲಿಲ್ಲ. ಹರ್ನಿಯದವನೂ ಹೈಡ್ರೋಸೀಲಿನ ಅಳಿಯನೂ ಎಲ್ಲರಿಗಿಂತ ಮುಂದೆ ಬಂದು ನಿಂತರು. ಸ್ವಾತಿ ನೀಲಿ ರಟ್ಟಿನ ನೋಟ್‌ಬುಕ್ ಕೊಟ್ಟು, ಅವನ ಮುಖ ಕಾಣುವ ಹಾಗೆ ಎದುರಿಗೆ ನಿಂತುಕೊಂಡಳು.

ದಾಸಣ್ಣ ಮೊದಲ ಹಾಳೆ ತೆಗೆದ.

ಅದು ಅಕ್ಷರವೇ ಅಲ್ಲ. ಬಲಗೈ ಬಿದ್ದುಹೋಗಿ ಎಡಗೈಯಲ್ಲಿ ಬರೆದದ್ದು. ಗೀಟು ಎಳೆದಲ್ಲಿಂದ ಜಾರಿ ಮುಂದಿನ ಸಾಲಿಗೆ ಬೀಳುತ್ತಿತ್ತು, ಒಂದರ ಮೇಲೊಂದು ಹತ್ತಿಕೊಂಡಿತ್ತು. ಎರಡನೆಯ ಹಾಳೆ ತಿರುವಿದ, ಹತ್ತನೆಯದು ತಿರುವಿದ. ಎಲ್ಲ ಅದೇ. ಮೂವತ್ತೆಂಟು ವರ್ಷ ಈ ಕೈಯನ್ನು ಓದಿದವನಿಗೆ ಒಂದೇ ಒಂದು ಅಕ್ಷರ ಹಿಡಿಯಲಾಗಲಿಲ್ಲ.

ಮೊದಲು ಬಂದದ್ದು ಸಂತೋಷ. ಬದುಕಿದೆ ಎಂದುಕೊಂಡ. ಇನ್ನು ಏನು ಬೇಕಾದರೂ ಓದಬಹುದು, ತಪ್ಪು ಹಿಡಿಯುವವರು ಈ ಲೋಕದಲ್ಲಿ ಇಲ್ಲ. ಊರಿಗೆ ಒಳ್ಳೆಯದಾಗಲಿ, ಮಕ್ಕಳು ಓದಲಿ, ಎಂದು ನಾಲ್ಕು ಮಾತು ಹೇಳಿ ಮುಚ್ಚಿಟ್ಟರೆ ಮುಗಿಯಿತು. ಓದಲು ಬರುವುದಿಲ್ಲ ಎಂಬ ನಿಜ ಹೇಳಿದರೆ ಮಾತ್ರ ಯಾರೂ ನಂಬುವುದಿಲ್ಲ, ಅದರಲ್ಲೂ ಎದುರಿಗೆ ನಿಂತವಳು. ಇದೆಲ್ಲ ಡಾಕ್ಟರರಿಗೆ ಗೊತ್ತಿರಲಿಲ್ಲವೇ? ತಮ್ಮ ಅಕ್ಷರ ತಮಗೆ ಕಾಣಲಿಲ್ಲವೇ? ಗೊತ್ತಿದ್ದೇ ತನ್ನ ಹೆಸರು ಹೇಳಿದರೇ? ಸತ್ತ ಮೇಲೂ ನನ್ನ ಬಾಯಿ ಕಾಯುತ್ತಿದ್ದಾರಲ್ಲ ಈ ಮನುಷ್ಯ ಎಂದು ಅವನಿಗೆ ಸಿಟ್ಟು ಬಂತು.

ಆಗ ರಂಗಯ್ಯ ಮಣ್ಣಿನ ಗುಡ್ಡೆಯಿಂದ ಎದ್ದ. ಮಂಡಿ ಹಿಡಿದುಕೊಂಡು, ನಿಧಾನವಾಗಿ. ಸರಿಯಾಗಿ ಕೇಳಿಸಲೆಂದು ತಲೆಗೆ ಸುತ್ತಿದ ಟವೆಲನ್ನು ಕಿವಿಯಿಂದ ಸರಿಸಿಕೊಂಡು ನಿಂತ.

ದಾಸಣ್ಣ ಮೈಕಿಗೆ ಬಾಯಿ ತಂದ.

“‘ಇದನ್ನು ನಾನು, ನಾಗರಾಜಪ್ಪ, ಎಡಗೈಯಲ್ಲಿ ಬರೆಯುತ್ತಿದ್ದೇನೆ,’” ಎಂದು ಓದಿದ. “‘ಮೂರನೆಯ ಪುಸ್ತಕದ ಕೊನೆಯ ಕತೆಯಲ್ಲಿ ಒಂದು ವಾಕ್ಯ ನನ್ನದಲ್ಲ. ಎಣಿಸು ಎಂದು ನಾನು ಹೇಳಿದ್ದೆ. ಎಣಿಸಬೇಕಾದವನು ದಾಸಣ್ಣ. ಅವನು ಮುಟ್ಟಿ ಎಣಿಸಲಿಲ್ಲ. ನಿಂತಲ್ಲಿಂದಲೇ ಸರಿ ಐತೆ ಎಂದ. ಕೆಂಚಕ್ಕನ ಹೊಟ್ಟೆಯೊಳಗೆ ಒಂದು ಬಟ್ಟೆ ಉಳಿಯಿತು.’”

ಗುಂಪಿನಲ್ಲಿ ಯಾರೋ ‘ಅಯ್ಯೋ’ ಎಂದರು. ತಿಮ್ಮೇಶ್ ಮೇಷ್ಟ್ರು ಮೈಕ್ ಕಿತ್ತುಕೊಳ್ಳುವುದೋ ಬೇಡವೋ ಎಂದು ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡರು. ದಾಸಣ್ಣ ಹಾಳೆ ತಿರುವಿದ.

“‘ಸಂಜೆ ಬಟ್ಟೆ ಒಗೆಯುವಾಗ ಒಂದು ಬಟ್ಟೆ ಒಣಗಿ ಗರಗರ ಎಂದಿತು. ಅದು ಬೆಳಗಿನ ಆಪರೇಷನ್ನಿನದು. ದಾಸಣ್ಣನಿಗೆ ಅವತ್ತೇ ಗೊತ್ತಾಯಿತು. ಮೆಟ್ಟಿಲು ಹತ್ತಿ, ಐದನೆಯ ಮೆಟ್ಟಿಲಿನಿಂದ ಇಳಿದುಹೋದ. ಅವತ್ತು ಹೇಳಿದ್ದರೆ ರಾತ್ರಿಯೇ ಹೊಲಿಗೆ ಬಿಚ್ಚಬಹುದಿತ್ತು. ಕೆಂಚಕ್ಕ ಬದುಕುತ್ತಿದ್ದಳು. ಹತ್ತೊಂಬತ್ತು ದಿನ ಇತ್ತು. ಹತ್ತೊಂಬತ್ತು ದಿನವೂ ಅವನು ಹೇಳಲಿಲ್ಲ.’”

ಮುಂದೆ ಆಗಲಿಲ್ಲ. ನೋಟ್‌ಬುಕ್ಕನ್ನು ಮೈಕಿನಿಂದ ಕೆಳಗಿಳಿಸಿದ.

ಸ್ವಾತಿ ಹತ್ತಿರ ಬಂದಳು. ಅವಳ ದನಿ ಅವನಿಗಷ್ಟೇ ಕೇಳುವ ಹಾಗಿತ್ತು. “ಬಟ್ಟೆ ಒಗೆಯೋ ಕಲ್ಲಿನ ಹತ್ರ ಅಪ್ಪ ಯಾವಾಗ ಬಂದಿದ್ರು ದಾಸಣ್ಣ?”

ಅವಳು ನೋಟ್‌ಬುಕ್ಕಿನೊಳಗೆ ಬಗ್ಗಿ ನೋಡಿದಳು. ಒಂದು ಹಾಳೆ ನೋಡಿ, ತಿರುವಿ, ಇನ್ನೊಂದು ನೋಡಿದಳು. ಆಮೇಲೆ ಅವನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು.

ಅಷ್ಟರಲ್ಲಿ ರಂಗಯ್ಯ ಗುಂಪನ್ನು ದಾಟಿ ಬಂದಿದ್ದ. ಹೊಡೆಯುತ್ತಾನೆಂದು ಜನ ಎರಡು ಹೆಜ್ಜೆ ಸರಿದರು. ಹೊಡೆದರೆ ಸಾಕು ಎಂದು ದಾಸಣ್ಣ ತಲೆ ತಗ್ಗಿಸಿದ. ರಂಗಯ್ಯ ಹೊಡೆಯಲಿಲ್ಲ. ಅವನ ಬಲಗೈಗೆ ಗುಂಡಿಯ ಕೆಂಪು ಮಣ್ಣು ಮೆತ್ತಿತ್ತು.

“ಅವ್ಳ ಹೆಸ್ರು ಬರ್ದಾರ?”

“ಬರ್ದಾರೆ.”

“ಎಲ್ಲೈತೆ, ತೋರ್ಸು.”

ದಾಸಣ್ಣ ಹಾಳೆಯ ಮೇಲೆ ಕಣ್ಣಾಡಿಸಿದ. ಮೇಲಿನಿಂದ ಕೆಳಗೆ ಹುಡುಕಿದ, ಮತ್ತೆ ಮೇಲಿನಿಂದ ಹುಡುಕಿದ. ನಡುವೆ ಒಂದು ಕಡೆ ಗೀಟುಗಳು ಸ್ವಲ್ಪ ಒತ್ತಾಗಿ, ಪೆನ್ನನ್ನು ಬಲವಾಗಿ ಊರಿದ ಹಾಗೆ ಇದ್ದವು. ಅವನು ರಂಗಯ್ಯನ ತೋರುಬೆರಳು ಹಿಡಿದು ಅಲ್ಲಿಗೆ ತಂದು ಇಟ್ಟ.

“ಇದೇ ಏನು?”

“ಇದೇ.”

ರಂಗಯ್ಯನ ಬೆರಳು ಆ ಗೀಟಿನ ಮೇಲೆ ಈ ತುದಿಯಿಂದ ಆ ತುದಿಗೆ ಹೋಯಿತು, ತಿರುಗಿ ಬಂತು. ಮಣ್ಣು ಅದರ ಉದ್ದಕ್ಕೂ ಹತ್ತಿಕೊಂಡಿತು. ಗಾಳಿಗೆ ಹಾಳೆ ಏಳುತ್ತಿತ್ತು. ಸ್ವಾತಿ ಕೈ ಚಾಚಿ, ಹಾಳೆಯ ಇನ್ನೊಂದು ತುದಿಯನ್ನು ಅಲುಗದ ಹಾಗೆ ಹಿಡಿದುಕೊಂಡಳು.